ಉದ್ಯಮಬಾಗದ ಎಂಟು ಶೆಡ್ಡು, ನನ್ನ ಇಪ್ಪತ್ತು ಟರ್ನರ್ ಹುಡುಗರು

ಐಟಿಐಯಲ್ಲಿ ಟರ್ನರ್, ಅಂದರೆ ಲೋಹವನ್ನು ತಿರುಗಿಸಿ ಕತ್ತರಿಸುವ ಲೇಥ್ ಮಷಿನ್ನಿನ ಕೆಲಸ, ಕಲಿಸುವ ನಾನು ಜರ್ಮನಿಯ ಹಾಗೆ ಹುಡುಗರಿಗೆ ಅರ್ಧ ಕಲಿಕೆ ಕಾರ್ಖಾನೆಯಲ್ಲೇ ಕೊಡಿಸಲು ಹೊರಟಾಗ, ‘ಇದು ಜರ್ಮನಿ ಅಲ್ರೀ ಸರ, ಬೆಳಗಾವಿ’ ಎಂದು ನಮ್ಮ ಫಿಟ್ಟರ್ ವಿಭಾಗದ ಹಿರಿಯರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಕ್ಕಿದ್ದರು. ಈ ವರ್ಷ ಅವರೇ ಬಂದು ನನ್ನ ಪಾಳಿ ಪಟ್ಟಿಯ ಜೆರಾಕ್ಸ್ ಕೇಳಿ ಒಯ್ದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

2016ರಲ್ಲಿ ಬಂದ ಡ್ಯುಯಲ್ ಸಿಸ್ಟಮ್ ಆಫ್ ಟ್ರೇನಿಂಗ್, ಅಂದರೆ ಡಿಎಸ್‌ಟಿ, ಏನು ಎತ್ತ ಎಂದು ಐಟಿಐಯವರಿಗೆ ಹೇಳಬೇಕಿಲ್ಲ. ಅರ್ಧ ಕಲಿಕೆ ನಮ್ಮಲ್ಲಿ, ಅರ್ಧ ಕಾರ್ಖಾನೆಯಲ್ಲಿ. ಕಾಗದದ ಮೇಲೆ ಚಂದ. ನಾನು ಎರಡು ಸಲ ಮುಗ್ಗರಿಸಿ ಬಿದ್ದ ಮೇಲೆ ಮೂರನೆಯ ಸಲ ಎದ್ದು ನಿಂತೆ.

ಮೊದಲ ಸಲ ದೊಡ್ಡ ಕಾರ್ಖಾನೆಯ ಆಸೆಗೆ ಬಿದ್ದೆ. ಒಪ್ಪಂದಕ್ಕೆ ಸಹಿ, ಶಾಲು, ಹಾರ, ಮರುದಿನ ಪೇಪರಿನಲ್ಲಿ ಫೋಟೊ. ಇಪ್ಪತ್ತು ಹುಡುಗರನ್ನು ಆರು ತಿಂಗಳಿಗೆ ಒಟ್ಟಿಗೆ ಕಳಿಸಿದೆ. ತಿಂಗಳ ಮೇಲೆ ನೋಡಲು ಹೋದರೆ ಹನ್ನೊಂದು ಜನ ಬರ್ (ಲೋಹದ ಅಂಚಿನ ಮುಳ್ಳು) ತೆಗೆಯುತ್ತಾ ಕೂತಿದ್ದಾರೆ, ಆರು ಜನ ಪ್ಯಾಕಿಂಗಿನಲ್ಲಿದ್ದಾರೆ, ಉಳಿದವರ ಕೈಯಲ್ಲಿ ಬಣ್ಣದ ಬ್ರಷ್. ಲೇಥ್ ಮುಟ್ಟಿದವನು ಒಬ್ಬನೂ ಇಲ್ಲ. ಮುಟ್ಟಗೊಡುವುದಾದರೂ ಹೇಗೆ, ಅಲ್ಲಿ ಪ್ರತಿ ಮಷಿನ್ನಿಗೂ ದಿನದ ಟಾರ್ಗೆಟ್. ಆ ವರ್ಷ ಥಿಯರಿಯಲ್ಲಿ ಒಂಬತ್ತೋ ಹತ್ತೋ ಜನ ಮಾತ್ರ ಪಾಸಾದರು. ಖಾನಾಪುರ ಕಡೆಯ ಒಬ್ಬ ತಂದೆ ಬಂದು, ‘ಡಬ್ಬಿ ಕಟ್ಟೂದು ಕಲಿಸಾಕ ಐಟಿಐ ಯಾಕ ಬೇಕ್ರಿ ಸರ?’ ಎಂದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಎರಡನೆಯ ಸಲ ಸಣ್ಣ ಶೆಡ್ಡುಗಳ ಕಡೆ ತಿರುಗಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಪಂಪ್, ಹೈಡ್ರಾಲಿಕ್ ವಾಲ್ವ್, ಫೌಂಡ್ರಿ ಕಾಸ್ಟಿಂಗ್ ಕೆಲಸ ಮಾಡುವ ಶೆಡ್ಡು ಗಲ್ಲಿಗಲ್ಲಿಗೆ ಇವೆ. ವಾರದಲ್ಲಿ ಎರಡು ದಿನ ಅಲ್ಲಿ, ನಾಲ್ಕು ದಿನ ನಮ್ಮಲ್ಲಿ ಎಂದು ವೇಳಾಪಟ್ಟಿ ಹಾಕಿದೆ. ಎರಡೇ ತಿಂಗಳಲ್ಲಿ ಮುರಿದುಬಿತ್ತು. ಮಂಗಳವಾರ ಸೆಟ್ ಮಾಡಿದ ಜಾಬ್ (ಮಷಿನ್ನಿಗೆ ಕಟ್ಟಿದ ಕೆಲಸ) ಬುಧವಾರ ಓಡಬೇಕು, ಹುಡುಗ ಬುಧವಾರ ನಮ್ಮ ಕ್ಲಾಸಿನಲ್ಲಿ. ಒಬ್ಬ ಮಾಲೀಕರು ಮುಖಕ್ಕೆ ಹೊಡೆದಂತೆ ಕೇಳಿದರು, ‘ಇವಾ ಏನ್ ಹಾಲ್ ಹಾಕಾಂವೇನ್ರಿ, ದಿನಾ ಬಿಟ್ಟು ದಿನಾ ಬರಾಕ?’

ಆಮೇಲೆ ಕೊರೊನಾ ಬಂದು ಎಲ್ಲದಕ್ಕೂ ಬೀಗ. ಅದು ತೆರೆದ ವರ್ಷದ ದೀಪಾವಳಿ ರಜೆ ಮತ್ತು ನನ್ನ ಒಂದಿಷ್ಟು ಗಳಿಕೆ ರಜೆ ಸೇರಿಸಿ ಸುಮಾರು ಹದಿನೆಂಟು ದಿನ ಒಂದು ಶೆಡ್ಡಿನಲ್ಲಿ ನಾನೇ ಆಪರೇಟರ್ ಆಗಿ ನಿಂತೆ. ಸಂಬಳ ಇಲ್ಲ, ಚಹಾ ಉಂಟು. ಹದಿನಾಲ್ಕು ವರ್ಷ ಟರ್ನಿಂಗ್ ಕಲಿಸಿದವನು ಮೊದಲ ದಿನ ಎಂಟು ಬುಷ್ (ಟೊಳ್ಳು ಕೊಳವೆಯಂಥ ಭಾಗ) ರಿಜೆಕ್ಟ್ ಮಾಡಿದೆ. ರಂಧ್ರ ಅಳೆಯುವ ಬೋರ್ ಗೇಜ್ ಹಿಡಿಯುವ ನನ್ನ ಕೈ ನೋಡಿ ಅಲ್ಲಿನ ಮಷಿನ್ ಹೊಂದಿಸುವ ಸೆಟ್ಟರ್ ಮಾಮಾ ನಗು ತಡೆದುಕೊಂಡಿದ್ದು ಈಗಲೂ ನೆನಪಿದೆ. (ಬೆಳಗಾವಿಯ ಶೆಡ್ಡುಗಳಲ್ಲಿ ಹಿರಿಯ ಕೆಲಸಗಾರ ಕನ್ನಡದವನಿರಲಿ ಮರಾಠಿಯವನಿರಲಿ, ಮಾಮಾನೇ.) ಅಲ್ಲಿ ನಿಂತಾಗಲೇ ತಿಳಿದದ್ದು, ಮಾಲೀಕನಿಗೆ ಬೇಕಾದದ್ದು ಹುಡುಗನಲ್ಲ, ಮಷಿನ್ ಮುಂದೆ ದಿನಾ ಇರುವ ಎರಡು ಕೈ. ಆ ಕೈ ಯಾರದ್ದೆಂಬುದು ಅವನಿಗೆ ಅಷ್ಟು ಮುಖ್ಯವಲ್ಲ.

ಆದ್ದರಿಂದ ಜೋಡಿ ಕಟ್ಟಿದೆ. ಒಂದು ಮಷಿನ್ನಿಗೆ ಇಬ್ಬರು. ಒಬ್ಬ ಹದಿನೈದು ದಿನ ಶೆಡ್ಡಿನಲ್ಲಿ, ಇನ್ನೊಬ್ಬ ಅದೇ ಹದಿನೈದು ದಿನ ನಮ್ಮಲ್ಲಿ. ಬದಲಾಗುವ ಶನಿವಾರ ಇಬ್ಬರೂ ಅಲ್ಲೇ, ಒಬ್ಬ ಇನ್ನೊಬ್ಬನಿಗೆ ಜಾಬ್, ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ), ಡ್ರಾಯಿಂಗ್ ಎಲ್ಲ ಒಪ್ಪಿಸಬೇಕು. ಇಪ್ಪತ್ತು ಹುಡುಗರು, ಹತ್ತು ಜೋಡಿ, ಎಂಟು ಶೆಡ್ಡು. ತುಂಡು ತುಂಡು ಕೂಡಿಸಿದರೆ ವರ್ಷಕ್ಕೆ ಐದು ತಿಂಗಳ ಮೇಲಾಗುತ್ತದೆ. ಆ ಶನಿವಾರದ ಒಪ್ಪಿಸುವಿಕೆಯೇ ಇಡೀ ಯೋಜನೆಯ ಜೀವ. ಗೆಳೆಯನಿಗೆ ವಿವರಿಸಲು ಹೋದಾಗಲೇ ತನಗೇನು ಗೊತ್ತಿಲ್ಲ ಎಂಬುದು ಹುಡುಗನಿಗೆ ಗೊತ್ತಾಗುತ್ತದೆ, ನನ್ನ ನೂರು ಲೆಕ್ಚರಿನಿಂದ ಆಗದ ಕೆಲಸ ಅದು. ಯಾವ ಹುಡುಗನನ್ನು ಯಾರ ಜೊತೆ, ಯಾವ ಮಾಮಾನ ಕೈಕೆಳಗೆ ಹಾಕಬೇಕು ಎಂಬುದಕ್ಕೆ ನನ್ನದೊಂದು ಪರೀಕ್ಷೆ ಇದೆ. ಅರ್ಧ ಗಂಟೆ ಸಾಕು, ಒಂದು ಅರ ಮತ್ತು ಒಂದು ಕಬ್ಬಿಣದ ತುಂಡು ಬೇಕು. ಅದಕ್ಕಿಂತ ಹೆಚ್ಚು ಇಲ್ಲಿ ಬಿಚ್ಚಿಡುವುದಿಲ್ಲ.

ಇನ್ನು ದುಡ್ಡಿನ ಮಾತು. ಅಭ್ಯಾಸಕ್ಕೆ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಕೊಂಡರೆ ಕೆಜಿಗೆ ಅರವತ್ತೈದು ಎಪ್ಪತ್ತು ರೂಪಾಯಿ. ನಮ್ಮ ಕಚ್ಚಾಮಾಲಿನ ಅನುದಾನ ದಸರೆಗೇ ಮುಗಿಯುತ್ತಿತ್ತು. ಶೆಡ್ಡಿನಲ್ಲಿದ್ದಾಗ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ರಾಶಿ ಬಿದ್ದ ಬ್ಲೋ ಹೋಲ್ ಕಾಸ್ಟಿಂಗ್, ಅಂದರೆ ಒಳಗೆ ಗಾಳಿಗುಳ್ಳೆ ಉಳಿದು ಕೆಟ್ಟ ಎರಕದ ತುಂಡುಗಳು. ಗುಜರಿ ದರಕ್ಕೇ ಕೇಳಿದೆ, ಕೆಜಿಗೆ ನಲವತ್ತರ ಆಸುಪಾಸು. ಹುಡುಗರು ತಿರುಗಿಸಿ ಮುಗಿಸಿದ ಮೇಲೆ ಪುಡಿ ಮತ್ತು ತುಂಡು ಮತ್ತೆ ಗುಜರಿಗೆ. ಕಳೆದು ಕೂಡಿಸಿದರೆ ಕೆಜಿಗೆ ಹದಿನೈದು ರೂಪಾಯಿ ಒಳಗೇ ಅಭ್ಯಾಸ ಮುಗಿಯುತ್ತದೆ. ತೊಂದರೆ ಎಂದರೆ ಕಾಸ್ಟಿಂಗಿನ ಮೇಲ್ಪದರದ ಮರಳು ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲನ್ನು ನಿಮಿಷದಲ್ಲಿ ತಿಂದುಹಾಕುತ್ತದೆ. ಅದಕ್ಕಿಂತ ಗಟ್ಟಿಯಾದ, ಟೂಲಿನ ತುದಿಗೆ ಕೂರಿಸುವ ಕಾರ್ಬೈಡ್ ಇನ್ಸರ್ಟ್ ಒಂದಕ್ಕೆ ಮುನ್ನೂರು ಚಿಲ್ಲರೆ, ಎಲ್ಲಿಂದ ತರುವುದು? ಅದಕ್ಕೂ ಶೆಡ್ಡಿನ ಕಸದ ಡಬ್ಬಿಯೇ ದಾರಿ. ಟಿಎನ್‌ಎಂಜಿ ಎಂಬ ತ್ರಿಕೋನದ ಇನ್ಸರ್ಟಿಗೆ ಎರಡೂ ಬದಿ ಸೇರಿ ಆರು ಮೂಲೆ. ಅವಸರದಲ್ಲಿ ನಾಲ್ಕೈದು ಬಳಸಿ ಎಸೆದಿರುತ್ತಾರೆ. ಒಂದು ಭಾನುವಾರ ಕೂತು ಆರಿಸಿದರೆ ಮೂರು ತಿಂಗಳಿಗಾಗುವಷ್ಟು ಸಿಕ್ಕಿತು. ಬೀಡು ಕಬ್ಬಿಣದ ಧೂಳಿಗೆ ಹುಡುಗರು ಕೆಮ್ಮತೊಡಗಿದಾಗ ಕೊರೊನಾ ಕಾಲದ ಮಾಸ್ಕ್ ಪೆಟ್ಟಿಗೆ ಉಪಯೋಗಕ್ಕೆ ಬಂತು.

ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ, ಬಗ್ಗೆ ಚೌಕಾಸಿ ಬಹಳ ನಡೆಯಿತು. ಐದು ಸಾವಿರದಿಂದ ಶುರುವಾದದ್ದು ಈಗ ಏಳೂವರೆಗೆ ಬಂದಿದೆ. ಜೋಡಿಗೆ ಒಂದೇ ಸ್ಟೈಪೆಂಡ್, ಇಬ್ಬರು ಹಂಚಿಕೊಳ್ಳಬೇಕು. ವಿಮೆ ನಾವು ಮಾಡಿಸುತ್ತೇವೆ, ತಲೆಗೆ ನಾನೂರರ ಒಳಗೆ. ಮಾಲೀಕರನ್ನು ಯಾವ ತಿಂಗಳಲ್ಲಿ ಕೇಳಿದರೆ ದರ ಏರಿಸುತ್ತಾರೆ ಎಂಬುದು ನನ್ನ ಇನ್ನೊಂದು ಗುಟ್ಟು. ಖಂಡೇನವಮಿಯ ಹೊತ್ತಿಗಂತೂ ಕೇಳಬೇಡಿ, ಬೋನಸ್ ಚಿಂತೆಯಲ್ಲಿರುತ್ತಾರೆ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಮೊದಲ ವರ್ಷವೇ ಒಬ್ಬ ಹುಡುಗ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇಥಿನ, ಪ್ರೋಗ್ರಾಮಿನಲ್ಲಿ ಎಕ್ಸ್ 50 ಎಂದು ಬರೆದು ಮುಂದೆ ಚುಕ್ಕಿ ಹಾಕಲಿಲ್ಲ. ಆ ಮಷಿನ್ನಿನ ಫ್ಯಾನಕ್ ಕಂಪನಿಯ ಕಂಟ್ರೋಲ್ ಚುಕ್ಕಿಯಿಲ್ಲದ 50 ಅನ್ನು ಐವತ್ತು ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು) ಎಂದು ಓದುತ್ತದೆ. ಐವತ್ತು ಮಿಲಿಯಲ್ಲಿ ನಿಲ್ಲಬೇಕಾದ ಟೂಲ್ ರ‍್ಯಾಪಿಡ್‌ನಲ್ಲಿ ಸೆಂಟರಿಗೇ ನುಗ್ಗಿ ಜಾಬಿಗೆ ಬಡಿಯಿತು. ಟೂಲ್ ಹಿಡಿಯುವ ಟರೆಟ್ ಅಲೈನ್‌ಮೆಂಟ್ ಹೋಯಿತು, ಹೋಲ್ಡರ್ ತುಂಡಾಯಿತು, ಎರಡು ದಿನ ಮಷಿನ್ ಬಂದ್. ಮೂವತ್ತೆಂಟು ಸಾವಿರ ಎಂದು ನೆನಪು. ಅರ್ಧ ನನ್ನ ಕಿಸೆಯಿಂದ ಕೊಟ್ಟೆ, ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಪುಣ್ಯಕ್ಕೆ ಬಾಗಿಲು ಮುಚ್ಚಿತ್ತು, ಹುಡುಗನಿಗೆ ಏನೂ ಆಗಲಿಲ್ಲ. ಅವನು ಮಾತ್ರ ಮೂರು ದಿನ ಊರಿಗೆ ಓಡಿಹೋಗಿದ್ದ, ಬೈಲಹೊಂಗಲಕ್ಕೆ ಹೋಗಿ ಕರೆತಂದೆ. ಈಗ ಅದೇ ಶೆಡ್ಡಿನಲ್ಲಿ ಅವನೇ ಸೆಟ್ಟರ್, ಹೊಸಬರ ಪ್ರೋಗ್ರಾಮಿನಲ್ಲಿ ಮೊದಲು ಚುಕ್ಕಿ ಎಣಿಸುತ್ತಾನೆ.

ಆ ಹೊಡೆತದ ಮೇಲೆ ನಮ್ಮ ಸಿಎನ್‌ಸಿಯಲ್ಲಿ ಮೇಣದ ರಾಡು ಕಟ್ಟಿ ಕಲಿಸೋಣ ಎಂದು ಹೊರಟೆ, ಬಡಿದರೂ ನಷ್ಟವಿಲ್ಲವಲ್ಲ. ಅಚ್ಚಿನಲ್ಲಿ ಮೇಣ ಎರೆದದ್ದು ಮಜವಾಗಿತ್ತು. ಆದರೆ ಕತ್ತರಿಸಿ ಬಿದ್ದ ಚಿಪ್ಸ್ ಎಲ್ಲ ಟೂಲ್ ತಣಿಸುವ ಕೂಲಂಟ್ ದ್ರವದ ಜಾಲರಿಯಲ್ಲಿ ಮೆತ್ತಿಕೊಂಡು ಟ್ಯಾಂಕ್ ತೊಳೆಯಲು ಇಡೀ ದಿನ ಹೋಯಿತು. ಬೇವಿನ ಕಟ್ಟಿಗೆಗೆ ಬದಲಾದೆ, ಕೂಲಂಟ್ ಬಂದ್ ಮಾಡಿ. ಅದು ಪರವಾಗಿಲ್ಲ. ಜಾಬ್ ಹಿಡಿಯುವ ಚಕ್ಕಿನಲ್ಲಿ ಬಿಗಿ ಹೆಚ್ಚಾದರೆ ಸೀಳುತ್ತದೆ, ಅಷ್ಟೇ.

ಡೈರಿ ಬರೆಸುವ ಪ್ರಯೋಗವನ್ನು ನಾನು ಬರೀ ಹಾಜರಿಗಾಗಿ ಶುರು ಮಾಡಿದ್ದು. ಒಬ್ಬ ಹುಡುಗ ದಿನಾ ‘ಸ್ಪ್ಯಾನರ್ ಹುಡುಕಿದೆ, ಅರ್ಧ ತಾಸು’ ಎಂದು ಬರೆದಿದ್ದ. ಆ ಪುಟ ಮಾಲೀಕರಿಗೆ ತೋರಿಸಿದೆ. ಮುಂದಿನ ವಾರ ಗೋಡೆಗೆ ಹಲಗೆ ಹೊಡೆದು ಪ್ರತಿ ಸ್ಪ್ಯಾನರಿಗೂ ಜಾಗ ಗೆರೆ ಎಳೆಸಿದ್ದರು. ಅವತ್ತಿನಿಂದ ಅವರು ನನ್ನ ಫೋನ್ ಎತ್ತುವುದು ಒಂದೇ ರಿಂಗಿಗೆ.

ಕಳೆದ ಬ್ಯಾಚಿನ ಇಪ್ಪತ್ತರಲ್ಲಿ ಹದಿನೇಳು ಜನ ಟರ್ನಿಂಗಿನಲ್ಲೇ ಇದ್ದಾರೆ. ಒಬ್ಬ ಪೊಲೀಸ್ ಭರ್ತಿಗೆ ಓಡುತ್ತಿದ್ದಾನೆ, ಇಬ್ಬರು ಹೊಲಕ್ಕೆ ಹೋದರು. ಮೊದಲೆಲ್ಲ ಎಂಟೊಂಬತ್ತು ಸಾವಿರಕ್ಕೆ ಸೇರುತ್ತಿದ್ದವರು ಈಗ ಹದಿನಾಲ್ಕಕ್ಕೆ ಕಡಿಮೆ ಒಪ್ಪುವುದಿಲ್ಲ. ‘ಹಾಲ್ ಹಾಕಾಂವೇನ್ರಿ’ ಎಂದಿದ್ದ ಆ ಮಾಲೀಕರೂ ಈಗ ಎರಡು ಜೋಡಿ ಇಟ್ಟುಕೊಂಡಿದ್ದಾರೆ. ನಾನು ನೆನಪಿಸಿದರೆ ‘ಹಂಗ ಅಂದಿದ್ನೇನ್ರಿ ನಾ?’ ಎನ್ನುತ್ತಾರೆ.

ಈ ಸಲ ಮೊದಲ ಬಾರಿಗೆ ಇಬ್ಬರು ಹುಡುಗಿಯರು ಟರ್ನರಿಗೆ ಸೇರಿದ್ದಾರೆ. ಒಬ್ಬಳ ಅರದ ಕೈ ನೋಡಿದರೆ ಹುಡುಗರು ನಾಚಬೇಕು. ಎಂಟು ಶೆಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದ್ದದ್ದು ಒಂದರಲ್ಲಿ ಮಾತ್ರ, ಅದರ ಮಷಿನ್ನುಗಳು ಭರ್ತಿ. ಇನ್ನೊಬ್ಬ ಮಾಲೀಕರು ಕಟ್ಟಿಸುತ್ತಿದ್ದಾರೆ. ಗೋಡೆ ಎದ್ದಿದೆ, ನೀರಿನ ಪೈಪೂ ಬಂದಿದೆ, ಬಾಗಿಲಿಗೆ ಚಿಲಕ ಕೂತಿಲ್ಲ. ಶನಿವಾರದ ಪಾಳಿ ಬದಲಾವಣೆಗೆ ಮುಂಚೆ ಒಂದು ಚಿಲಕ ಕಿಸೆಯಲ್ಲಿಟ್ಟುಕೊಂಡು ನಾನೇ ಹೋಗುವವನಿದ್ದೇನೆ.