ಹೊಟ್ಟೆ ಡಯಾಲಿಸಿಸ್‌ನಲ್ಲಿ ನೀರು ಕಮ್ಮಿ ಬರ್ತಿದ್ರೆ ಸೀದಾ ಸ್ಟ್ರಾಂಗ್ ಬ್ಯಾಗ್ ಬೇಡ ಮಾರ್ರೆ

ಮನೇಲೇ ಸಿಎಪಿಡಿ (ಕಿಡ್ನಿ ಕೆಟ್ಟೋರು ಪೈಪಿನಿಂದ ಹೊಟ್ಟೆಯೊಳಗೆ ದ್ರವ ಬಿಟ್ಟು, ಕೆಲವು ಗಂಟೆ ಇಟ್ಟು ಹೊರಗೆ ತೆಗೆಯೋ ಡಯಾಲಿಸಿಸ್) ಮಾಡ್ಕೊಳ್ಳೋರು 2 ಲೀಟರ್ ಒಳಗೆ ಬಿಟ್ಟು ವಾಪಸ್ 1800 ಎಂಎಲ್ ಬಂದ ಕೂಡ್ಲೇ ಹೆದರಿ 4.25 ಪರ್ಸೆಂಟ್ ಡೆಕ್ಸ್ಟ್ರೋಸ್ (ಗ್ಲೂಕೋಸ್) ಇರೋ ಸ್ಟ್ರಾಂಗ್ ಬ್ಯಾಗ್ ಹಾಕೋದುಂಟು. ಅದಕ್ಕಿಂತ ಮುಂಚೆ ನೋಡ್ಲಿಕ್ಕೆ ಬೇರೆ ಉಂಟು.

ಮೊದಲು ಲೆಕ್ಕ. ಈ ಸಲ ಒಳಗೆ ಉಳಿದದ್ದು ಮುಂದಿನ ಸಲ ಬರ್ಬಹುದು, ಹಾಗಾಗಿ ಇಡೀ ದಿನದ್ದು ಹೋದದ್ದೆಷ್ಟು ಬಂದದ್ದೆಷ್ಟು ಬರ್ದಿಡಿ, ಜೊತೆಗೆ ಬೆಳಗ್ಗಿನ ತೂಕ, ಬಿಪಿ, ಮೂತ್ರ.

ಆಮೇಲೆ ಕಕ್ಕಸು ಸರಿ ಆಗ್ತದಾ ನೋಡಿ. ಹೇಳ್ಲಿಕ್ಕೆ ನಾಚಿಕೆ ಆಗ್ಬಹುದು, ಆದ್ರೆ ಕರುಳು ಕಟ್ಟಿಕೊಂಡ್ರೆ ಅದು ಪೈಪನ್ನ ಒತ್ತುತ್ತೆ, ಪೈಪಿನ ತುದಿ ಜಾಗ ಬಿಟ್ಟು ಸರಿಯೋದೂ ಉಂಟು. ಡಾಕ್ಟರ್ ಹತ್ರ ಕೇಳಿ ಔಷಧಿ ತಗೊಳ್ಳಿ. ಪೈಪ್ ಎಲ್ಲಾದ್ರೂ ಮಡಚಿದ್ಯಾ ನೋಡಿ, ಮಗ್ಗುಲು ಬದಲಿಸಿ. ಹೊರಗೆ ಬಂದ ನೀರಲ್ಲಿ ಬಿಳಿ ನೂಲಿನಂಥದ್ದು ಕಂಡ್ರೆ ನರ್ಸ್‌ಗೆ ಫೋನ್ ಮಾಡಿ.

ಮುಂದಿನದ್ದು ಟೈಮು, ನಿಜವಾದ ಸಂಗತಿ ಇರೋದೇ ಇಲ್ಲಿ. ಮಾವಿನ ಮಿಡಿಗೆ ಉಪ್ಪು ಹಾಕಿದ್ರೆ ನೀರು ಬಿಡ್ತದಲ್ಲ, ಬ್ಯಾಗಿನ ಗ್ಲೂಕೋಸೂ ಹಾಗೇ ಮೈಯಿಂದ ನೀರು ಎಳೀತದೆ. ಆದ್ರೆ ಆ ಗ್ಲೂಕೋಸನ್ನೇ ಮೈ ನಿಧಾನಕ್ಕೆ ಹೀರಿಕೊಳ್ತದೆ, ಎಳೆಯೋ ಶಕ್ತಿ ಮುಗಿದ ಮೇಲೆ ಬಂದ ನೀರು ವಾಪಸ್ ಒಳಗೆ ಹೋಗ್ತದೆ. ರಾತ್ರಿಯಿಡೀ ಸಾಮಾನ್ಯ ಬ್ಯಾಗ್ ಇಟ್ಕೊಂಡೋರಿಗೆ ಬೆಳಗ್ಗೆ ಕಮ್ಮಿ ಬರೋದು ಇದಕ್ಕೇ. ನಿಮ್ಮ ಹೊಟ್ಟೆಯ ಪೊರೆ ಎಷ್ಟು ಬೇಗ ಹೀರ್ತದೆ ಅಂತ ಪಿಇಟಿ ಅನ್ನೋ 4 ಗಂಟೆಯ ಪರೀಕ್ಷೆ ಹೇಳ್ತದೆ. ಬೇಗ ಹೀರೋರಿಗೆ ಚಿಕ್ಕ ಚಿಕ್ಕ ಅವಧಿ ಅಥವಾ ರಾತ್ರಿ ತಾನೇ ದ್ರವ ಬದಲಿಸೋ ಮೆಷಿನ್, ಉದ್ದದ ಅವಧಿಗೆ ದಿನಕ್ಕೊಂದು ಐಕೊಡೆಕ್ಸ್ಟ್ರಿನ್ (ಗ್ಲೂಕೋಸಿನ ಬದಲು ಹಾಕೋ, ಮೈ ತುಂಬ ನಿಧಾನಕ್ಕೆ ಹೀರೋ ವಸ್ತು) ಬ್ಯಾಗ್, ಇದನ್ನೆಲ್ಲ ಡಾಕ್ಟರೇ ಹೇಳ್ಬೇಕು. ಐಕೊಡೆಕ್ಸ್ಟ್ರಿನ್ ಹಾಕೋ ಶುಗರ್‌ನವರು ಗಮನಿಸಿ, ಕೆಲವು ಗ್ಲೂಕೋಮೀಟರ್ ಇಲ್ಲದ ಶುಗರ್ ಜಾಸ್ತಿ ತೋರಿಸ್ತದೆ, ಅದನ್ನ ನಂಬಿ ಇನ್ಸುಲಿನ್ ಜಾಸ್ತಿ ಹಾಕಿದ್ರೆ ಅಪಾಯ.

ಇನ್ನು ಉಪ್ಪು. ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ, ಉಪ್ಪಿನಕಾಯಿ ಬಿಡಿ ಅಂದ್ರೆ ನಮ್ಮ ಕುಡ್ಲದವರಿಗೆ ಕೋಪ ಬರ್ತದೆ, ಆದ್ರೆ ಉಪ್ಪು ತಿಂದ್ರೆ ದಾಹ, ದಾಹ ಅಂದ್ರೆ ನೀರು. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚದಷ್ಟೇ. ಗಂಜಿಯ ತೆಳಿಯೂ ನೀರಿನ ಲೆಕ್ಕಕ್ಕೆ ಸೇರ್ತದೆ. ಲೋ ಸೋಡಿಯಂ ಉಪ್ಪಲ್ಲಿ ಪೊಟ್ಯಾಷಿಯಂ ಇರ್ತದೆ, ಕೇಳದೆ ತರಬೇಡಿ. ಮಳೆಗಾಲದಲ್ಲಿ ಬೆವರೂ ಕಮ್ಮಿ, ಆಗ ತೂಕದ ಮೇಲೆ ಇನ್ನೂ ಕಣ್ಣಿಡಿ.

ಸ್ಟ್ರಾಂಗ್ ಬ್ಯಾಗ್ ಬೇಡವೇ ಬೇಡ ಅಂತಲ್ಲ, ದಿನಾ ಅದೇ ಆದ್ರೆ ಶುಗರ್ ಏರ್ತದೆ, ವರ್ಷಗಳಲ್ಲಿ ಪೊರೆಯೂ ಹಾಳು. 4.25 ಹಾಕಿ 4 ಗಂಟೆ ಬಿಟ್ರೂ ಒಳಗೆ ಹೋದದ್ದಕ್ಕಿಂತ 400 ಎಂಎಲ್ ಆದ್ರೂ ಜಾಸ್ತಿ ಬಾರದಿದ್ರೆ ಡಾಕ್ಟರಿಗೆ ತಿಳಿಸಿ. ಮಲಗಿದ್ರೆ ಉಸಿರು ಕಟ್ಟೋದು ಅಥವಾ ಬಂದ ನೀರು ಮಬ್ಬಾಗಿರೋದು ಕಂಡ್ರೆ ಮಾತ್ರ ಕಾಯ್ಬೇಡಿ, ಆ ಬ್ಯಾಗನ್ನೂ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ.