ಹಾರ್ಟ್ ಪೇಷಂಟ್‌ಗೆ ಫೋನಲ್ಲೇ ಫಾಲೋಅಪ್: ದುಡ್ಡು ಉಳಿದಿದ್ದು ಯಾರಿಗೆ?

ನಾನು ಶಿವಮೊಗ್ಗದಲ್ಲಿ ಸಣ್ಣ ಕ್ಲಿನಿಕ್ ಇಟ್ಕೊಂಡಿರೋ ಫಿಸಿಷಿಯನ್. ಹಾರ್ಟ್ ಫೇಲ್ಯೂರ್‌ನವರು, ಅಂದ್ರೆ ಹೃದಯದ ಪಂಪಿಂಗ್ ಕಮ್ಮಿಯಾಗಿ ಕಾಲು ಊದ್ಕೊಂಡು ಮಲಗಿದ್ರೆ ಉಸಿರು ಕಟ್ಟೋರು, ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರ್ತಾರೆ. 2020ರ ಮಾರ್ಚಲ್ಲಿ ಟೆಲಿಮೆಡಿಸಿನ್‌ಗೆ, ಅಂದ್ರೆ ಫೋನಲ್ಲೇ ಪೇಷಂಟ್ ನೋಡೋದಕ್ಕೆ ಅಂತ ಸರ್ಕಾರದ ರೂಲ್ಸ್ ಬಂತಲ್ಲ, ಆಗ ಲಾಕ್‌ಡೌನಲ್ಲಿ ಬೇರೆ ದಾರಿ ಇಲ್ದೆ ಶುರು ಮಾಡಿದ್ದು, ಆಮೇಲೂ ಬಿಡ್ಲಿಲ್ಲ, ಯಾಕಂದ್ರೆ ಒಂದಿನ ಕೂತು ಲೆಕ್ಕ ಹಾಕ್ದೆ.

ಹೊಸನಗರದಾಚೆ ಹಳ್ಳಿಯ ಒಬ್ರು ಅಜ್ಜಿ. ನನ್ ಹತ್ರ ಬರೋದು ಐದು ನಿಮಿಷದ ಕೆಲ್ಸಕ್ಕೆ, ಅದಕ್ಕೆ ಬೆಳಗಿನ ಮೊದಲ ಬಸ್ ಹಿಡಿದು ಕತ್ತಲಾದ್ಮೇಲೆ ಮನೆ ಸೇರೋದು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತೀರಾ, ಫ್ರೀ ಇರೋದು ಸರ್ಕಾರಿ ಬಸ್ಸಲ್ಲಿ, ಅವರ ಊರಿಗೆ ಬರೋದು ಪ್ರೈವೇಟ್ ಬಸ್ಸು. ಜೊತೆಗೆ ಮಗ ಬರ್ಬೇಕು, ಕೊಯ್ಲಿನ ಟೈಮಾದ್ರೆ ಅವನ ಒಂದಿನದ ಕೂಲಿ ಹೋಯ್ತು. ಬಸ್ಸು, ಆಟೋ, ಊಟ, ಕೂಲಿ ಎಲ್ಲಾ ಸೇರಿಸಿದ್ರೆ ಒಂದು ವಿಸಿಟ್‌ಗೆ ಸಾವಿರದೈನೂರು ದಾಟ್ತಿತ್ತು, ಅದ್ರಲ್ಲಿ ನನ್ ಫೀಸು ಇನ್ನೂರು!

ಹಂಗಾಗಿ ಮಾಡಿದ್ದು ಇಷ್ಟೇ: ಮನೇಲೊಂದು ತೂಕದ ಮಷೀನು, ಬೆಳಿಗ್ಗೆ ಒಂದಕ್ಕೆ ಹೋಗಿ ಬಂದು ತಿಂಡಿಗೆ ಮುಂಚೆ ತೂಕ ನೋಡಿ ವಾಟ್ಸಾಪಲ್ಲಿ ನಂಬರ್ ಹಾಕೋದು. ಮೂರು ದಿನದೊಳಗೆ ಎರಡು ಕೆಜಿ ಏರಿದ್ರೆ ಮೈಯಲ್ಲಿ ನೀರು ನಿಲ್ತಿದೆ ಅಂತ ಅರ್ಥ, ಸಿಸ್ಟರ್ ಫೋನ್ ಮಾಡ್ತಾರೆ, ನಾನು ಆ ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ ಅಡ್ಜಸ್ಟ್ ಮಾಡ್ತೀನಿ. ಮೊದಲ ವಾರನೇ ಅಜ್ಜಿ ತೂಕ ಒಂದೇ ದಿನಕ್ಕೆ ಮೂರು ಕೆಜಿ ಏರಿ ನಮಗೆಲ್ಲ ಗಾಬರಿ. ವಿಚಾರಿಸಿದ್ರೆ ಚಳಿ ಅಂತ ಕಂಬಳಿ ಹೊದ್ಕೊಂಡೇ ಹತ್ತಿ ನಿಂತಿದ್ರು.

ಕ್ಲಿನಿಕ್‌ಗೆ ಬಂದಾಗೆಲ್ಲ "ಉಪ್ಪು ಕಮ್ಮಿ ಮಾಡೀನಿ ಡಾಕ್ಟ್ರೇ" ಅಂತಿದ್ರು. ಒಂದ್ಸಲ ವಿಡಿಯೋ ಕಾಲಲ್ಲಿ ಹಿಂದೆ ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಮೂರು ಜಾಡಿ ಕಂಡ್ವು, ಅಪ್ಪೆಮಿಡಿ. "ಅಜ್ಜಿ, ಅದೇನು?" ಅಂದ್ರೆ "ಅದು ಉಪ್ಪಿನಕಾಯಿ ಅಲ್ವಾ, ಉಪ್ಪಲ್ಲ". ನನ್ ಕ್ಲಿನಿಕ್ಕಲ್ಲಿ ಹತ್ತು ವಿಸಿಟ್ ಆದ್ರೂ ಆ ಜಾಡಿ ನಂಗೆ ಕಾಣ್ತಿರ್ಲಿಲ್ಲ.

ಬರೀ ಮಷೀನ್ ಕೊಟ್ರೆ ಆಗಲ್ಲ ಅನ್ನೋದನ್ನೂ ಹೇಳ್ಬೇಕು. ಅಮೆರಿಕದಲ್ಲಿ 1,653 ಜನರ ಮೇಲೆ ಒಂದು ಟ್ರಯಲ್ ಆಗಿತ್ತು, ಪೇಷಂಟೇ ದಿನಾ ಆಟೊಮ್ಯಾಟಿಕ್ ಫೋನ್ ಸಿಸ್ಟಮ್‌ಗೆ ಕಾಲ್ ಮಾಡಿ ತೂಕ, ತೊಂದ್ರೆ ಹೇಳೋದು, 2010ರಲ್ಲಿ ರಿಸಲ್ಟ್ ಬಂತು, ಏನೂ ಫರಕ್ ಇಲ್ಲ. ಜರ್ಮನಿಯವರದ್ದು 2018ರಲ್ಲಿ ಬಂತು, ಅಲ್ಲಿ ಡಾಕ್ಟ್ರು ನರ್ಸು 24 ಗಂಟೆ ಕೂತು ನೋಡ್ತಿದ್ರು, ಸಾವು ಕಮ್ಮಿಯಾಯ್ತು. ನಂಬರ್ ಬಂದ ತಕ್ಷಣ ನೋಡೋ ಮನುಷ್ಯ ಬೇಕು, ಆ ಮನುಷ್ಯನಿಗೆ ಸಂಬಳ ಬೇಕು, ನಿಜವಾದ ಖರ್ಚು ಅದೇ.

ನಾನೂ ಒಂದ್ಸಲ ಎಡವಿದೀನಿ. ಒಬ್ರಿಗೆ ಫೋನಲ್ಲೇ ಎರಡು ಸಲ ಮಾತ್ರೆ ಏರಿಸ್ದೆ, ಊರಿನ ಲ್ಯಾಬಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗಿದೆ ಅಂತ ನೋಡೋ ಬ್ಲಡ್ ಟೆಸ್ಟ್, ಮಾಡ್ಸಿ ಅನ್ನೋದು ಮರೆತೆ, ತಲೆ ಸುತ್ತಿ ಬಿದ್ದು ಅಡ್ಮಿಟ್ ಆದ್ರು. ಉಳಿಸಿದ ಬಸ್ ಚಾರ್ಜೆಲ್ಲ ನಾಲ್ಕು ದಿನದ ಬೆಡ್ಡಿಗೆ ಹೋಯ್ತು. ಈಗ ಡೋಸ್ ಏರಿಸಿದ್ರೆ ವಾರದೊಳಗೆ ಬ್ಲಡ್ ರಿಪೋರ್ಟ್ ಫೋಟೋ ಬರ್ಲೇಬೇಕು. ಎದೆನೋವು ಅಂದ್ರೆ ನಾನು ಫೋನಲ್ಲಿ ಮಾತೇ ಬೆಳೆಸಲ್ಲ, ತಾಲೂಕು ಆಸ್ಪತ್ರೆಗೆ ಓಡಿ ಅಂತೀನಿ, 2023ರಿಂದ ಹೃದಯ ಜ್ಯೋತಿ ಯೋಜನೆ ಇದೆ, ಇಸಿಜಿ ಅಲ್ಲಿಂದ ದೊಡ್ಡ ಸೆಂಟರ್‌ಗೆ ಹೋಗತ್ತೆ, ಬೇಕಾದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ದುಬಾರಿ ಇಂಜೆಕ್ಷನ್ ಫ್ರೀಯಾಗಿ ಅಲ್ಲೇ ಕೊಡ್ತಾರೆ.

ಇನ್ನು ನನ್ ಲೆಕ್ಕ. ಫೋನ್ ಫೀಸು ನೂರು ಅಂದಿದ್ದಕ್ಕೆ "ಮಾತಾಡಿದ್ದಕ್ಕೂ ದುಡ್ಡಾ ಡಾಕ್ಟ್ರೇ" ಅಂದೋರೇ ಜಾಸ್ತಿ. ಪೇಷಂಟ್‌ಗೆ ಉಳಿದಿದ್ದು ಕಣ್ಣಿಗೆ ಕಾಣತ್ತೆ, ಅಡ್ಮಿಷನ್ ತಪ್ಪಿದ್ದು ಯಾರ ಪುಸ್ತಕದಲ್ಲೂ ಬರಲ್ಲ, ಸಿಸ್ಟರ್ ಸಂಬಳದಲ್ಲಿ ಅರ್ಧ ನನ್ ಕೈಯಿಂದ್ಲೇ ಹೋಗತ್ತೆ. ಮಷೀನ್ ಮಾತ್ರ ಈಗ ಅವರೇ ತಗೋಬೇಕು ಅಂತ ಮಾಡಿದೀನಿ. ಪುಕ್ಸಟ್ಟೆ ಕೊಟ್ಟ ಮೊದಲ ನಾಲ್ಕರಲ್ಲಿ ಎರಡು ಅಡಿಕೆ ತೂಗೋಕೆ ಹೋಗಿತ್ತು.