ಕ್ಯಾಸೆಟ್ಟಿನ ದನಿ ಕಂಪ್ಯೂಟರಿಗೆ: ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ

ಕರಾವಳಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿದವರು ಕಳಿಸುವ ಫೈಲುಗಳಲ್ಲಿ ಬಹುಪಾಲು ಕಂಬಳಿಯೊಳಗಿಂದ ಕೇಳಿದಂತಿರುತ್ತವೆ. ಭಾಗವತರ ಪದದ ಸಾಹಿತ್ಯ ತಿಳಿಯದು, ಚಕ್ರತಾಳವೆಂಬ ಲೋಹದ ತಾಳದ ಸದ್ದಂತೂ ಮಾಯ. ಟೇಪು ಹಳೆಯದಾಯಿತು ಎಂದು ಎಲ್ಲರೂ ಕೈಚೆಲ್ಲುತ್ತಾರೆ. ಆದರೆ ಅನೇಕ ಸಲ ಕೆಟ್ಟಿರುವುದು ಟೇಪಲ್ಲ, ಅದನ್ನು ಓದುವ ಹೆಡ್ಡಿನ ಓರೆ.

ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಗಳು ಕಾಯಲಿ. ಬೇರೆಲ್ಲೂ ಪ್ರತಿಯಿಲ್ಲದ ಮನೆಯ ಧ್ವನಿಮುದ್ರಣಗಳನ್ನು ಮೊದಲು ಎತ್ತಿಕೊಳ್ಳಿ.

1. ಹಳೆಯದಾದರೂ ಗಟ್ಟಿಮುಟ್ಟಾದ ಸ್ಟೀರಿಯೊ ಡೆಕ್ (ಕ್ಯಾಸೆಟ್ ನುಡಿಸುವ ಯಂತ್ರ) ಹುಡುಕಿ. ಯುಎಸ್‌ಬಿ ತಂತಿಯೊಂದಿಗೆ ಬರುವ ಅಂಗೈಯಗಲದ ಅಗ್ಗದ ಪ್ಲೇಯರುಗಳನ್ನು ಖಂಡಿತ ಕೊಳ್ಳಬೇಡಿ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒಂದೇ ಸಮನೆ ಓಡಬೇಕು. ಅವುಗಳಲ್ಲಿ ವೇಗ ಏರಿಳಿದು ಶ್ರುತಿಯೇ ಅಲ್ಲಾಡುತ್ತದೆ.

2. ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯದು. ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ. ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬೂಷ್ಟಿಲ್ಲದಿದ್ದರೆ ಒಮ್ಮೆ ಕೊನೆಯವರೆಗೆ ಸುತ್ತಿ, ಮರಳಿ ಸುತ್ತಿ.

3. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ, ಒಣಗಲು ಬಿಡಿ.

4. ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ. ಮುದ್ರಿಸಿದ ಯಂತ್ರದ ಹೆಡ್ ಯಾವ ಕೋನದಲ್ಲಿ ನಿಂತಿತ್ತೋ ನಿಮ್ಮ ಡೆಕ್ಕಿನ ಹೆಡ್ ಅದೇ ಕೋನದಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ತಪ್ಪಿದರೂ ಮೊದಲು ಹೋಗುವುದು ತಾರ ಸ್ವರಗಳು. ಹೆಡ್ಡಿನ ಎರಡು ಪಕ್ಕಗಳಲ್ಲಿ ಸ್ಕ್ರೂಗಳಿರುತ್ತವೆ. ಕೆಳಗೆ ಸ್ಪ್ರಿಂಗ್ ಇರುವುದನ್ನು ಮಾತ್ರ ಮುಟ್ಟಿ. ಅದರ ತಲೆ ಈಗ ಯಾವ ದಿಕ್ಕಿಗಿದೆ ಎಂದು ಮೊದಲು ಗುರುತು ಹಾಕಿಕೊಳ್ಳಿ. ಸ್ಕ್ರೂಡ್ರೈವರಿನಲ್ಲಿ ಅಯಸ್ಕಾಂತದ ಗುಣ ಇರಕೂಡದು. ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಆಫ್ ಮಾಡಿ, ಹೆಡ್‌ಫೋನ್ ಹಾಕಿ, ಎರಡೂ ಚಾನೆಲ್‌ಗಳನ್ನು ಒಂದಾಗಿ ಬೆರೆಸಿ, ಅಂದರೆ ಮೊನೊ ಮಾಡಿ ಕೇಳಿ. ಓರೆಯಿದ್ದರೆ ಎರಡು ಚಾನೆಲ್‌ಗಳ ತಾರ ಸ್ವರಗಳು ಒಂದನ್ನೊಂದು ಅಳಿಸಿಹಾಕುವುದರಿಂದ ತಪ್ಪು ಮೊನೊದಲ್ಲಿ ಬೇಗ ಸಿಕ್ಕಿಬೀಳುತ್ತದೆ. ಚಕ್ರತಾಳ ಬಾರಿಸುವ ಭಾಗ ಹಾಕಿ ಸ್ಕ್ರೂವನ್ನು ತೀರ ನಿಧಾನವಾಗಿ ತಿರುಗಿಸಿ. ಸದ್ದು ಮಂಕಾದರೆ ಹಿಂದಕ್ಕೆ ಬನ್ನಿ. ನಿಚ್ಚಳವಾಗುತ್ತಾ ಹೋಗಿ, ಒಂದು ಬಿಂದು ದಾಟಿದೊಡನೆ ಮತ್ತೆ ಮಂಕಾಗುತ್ತದೆ. ನಿಲ್ಲಬೇಕಾದದ್ದು ಆ ಬಿಂದುವಿನಲ್ಲಿ. ತಾಳವಿಲ್ಲದ ಅರ್ಥಗಾರಿಕೆ, ಅಂದರೆ ಬರೀ ಮಾತಿನ ಭಾಗವಾದರೆ ಸ, ಶ ಅಕ್ಷರಗಳಿಗೆ ಕಿವಿಗೊಡಿ. ಪ್ರತಿ ಕ್ಯಾಸೆಟ್ಟಿಗೂ, ಮಗ್ಗುಲು ಬದಲಿಸಿದಾಗಲೂ ಇದನ್ನು ಮತ್ತೆ ಮಾಡಬೇಕು. ಬೇಸರ ಪಡಬೇಡಿ. ಇಲ್ಲಿ ಕಳೆದುಕೊಂಡ ಸ್ವರವನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ಮರಳಿ ತಂದುಕೊಡಲಾರದು.

5. ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಜೋಡಿಸಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಒಂಟಿ ರಂಧ್ರ ಹೆಡ್‌ಸೆಟ್ಟಿನ ಮೈಕಿಗೆಂದು ಇರುವುದು. ಅದಕ್ಕೆ ಚುಚ್ಚಿದರೆ ದನಿ ಒಡೆಯುತ್ತದೆ. ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ.

6. ಉಚಿತವಾಗಿ ಸಿಗುವ ಆಡಾಸಿಟಿ ಸಾಕು. 48,000 ಹರ್ಟ್ಸ್, 24 ಬಿಟ್ ಇಡಿ. ಚಂಡೆಯ ಜೋರು ಪೆಟ್ಟಿಗೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಅಡ್ಡದಾರಿಯಿಲ್ಲ: ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮುಕ್ಕಾಲು ಗಂಟೆ ಬೇಕೇ ಬೇಕು.

7. ಮೂಲ ಪ್ರತಿಯನ್ನು ಡಬ್ಲ್ಯೂಎವಿ ರೂಪದಲ್ಲಿ ಇಡಿ. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಎಂಪಿ3 ವಾಟ್ಸ್‌ಆ್ಯಪಿಗಷ್ಟೇ. ಸದ್ದು ತೆಗೆಯುವ ಸೌಲಭ್ಯವನ್ನು ಮೂಲ ಪ್ರತಿಯ ಮೇಲೆ ಎಂದೂ ಬಳಸಬೇಡಿ. ಹಿಸ್ ಸದ್ದಿನೊಂದಿಗೆ ತಾಳವೂ ಹೋಗುತ್ತದೆ. ಬೇರೆ ಬೇರೆ ಜಾಗಗಳಲ್ಲಿ ಎರಡು ಪ್ರತಿಗಳಿರಲಿ. ಫೈಲಿನ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ ಬರೆಯಿರಿ. ಅರ್ಥಧಾರಿಗಳನ್ನು ದನಿಯಿಂದಲೇ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಫೈಲನ್ನು ಈ ವಾರವೇ ಅವರಿಗೆ ಕೇಳಿಸಿ, ಹೆಸರುಗಳನ್ನು ಬರೆದುಕೊಳ್ಳಿ.